ಆರು ಪುಟ ಬರೆದರೂ ಅಂಕ ಏಕೆ ಬರುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಪದವಿಯಲ್ಲಿ ಇತಿಹಾಸ ಓದುತ್ತಿದ್ದೇನೆ. ಪ್ರಬಂಧ ಮಾದರಿಯ ಪ್ರಶ್ನೆಗಳಿಗೆ ಆರೇಳು ಪುಟ ಬರೆದರೂ ಅರ್ಧ ಅಂಕ ದಾಟುವುದಿಲ್ಲ. ಕಳೆದ ಸಲದ ಪ್ರಶ್ನೆ ಹೀಗಿತ್ತು: ‘1789ರ ಫ್ರೆಂಚ್ ಕ್ರಾಂತಿಗೆ ಆರ್ಥಿಕ ಬಿಕ್ಕಟ್ಟೇ ಕಾರಣ ಎಂಬ ಮಾತನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’ ಒಂದು ಕಾರಣವನ್ನೂ ಬಿಡದೆ ಬರೆದಿದ್ದೆ.

ಉತ್ತರ (ಇತಿಹಾಸ ಉಪನ್ಯಾಸಕಿ): ಒಂದನ್ನೂ ಬಿಡದೆ ಬರೆದದ್ದೇ ತೊಂದರೆಯಾಗಿರಬೇಕು. ಕಾರಣಗಳನ್ನು ಪಟ್ಟಿ ಮಾಡಿ ಎಂದು ಯಾರೂ ಕೇಳಿರಲಿಲ್ಲ. ಒಂದು ಮಾತನ್ನು ಮುಂದಿಟ್ಟು, ಒಪ್ಪುತ್ತೀರಾ, ಎಷ್ಟು ಒಪ್ಪುತ್ತೀರಿ ಎಂದು ಕೇಳಿದ್ದಾರೆ. ಅದಕ್ಕೆ ಉತ್ತರ ಮೊದಲ ಪ್ಯಾರಾದಲ್ಲೇ ಬರಲಿ. ಉದಾಹರಣೆಗೆ: ‘ಸಾಲದಲ್ಲಿ ಮುಳುಗಿದ್ದ ಬೊಕ್ಕಸದಿಂದಾಗಿ ದೊರೆ ಹದಿನಾರನೆಯ ಲೂಯಿ ಎಸ್ಟೇಟ್ಸ್ ಜನರಲ್ (ಪಾದ್ರಿಗಳು, ಕುಲೀನರು, ಸಾಮಾನ್ಯರು ಎಂಬ ಮೂರು ವರ್ಗಗಳ ಪ್ರತಿನಿಧಿಗಳ) ಸಭೆ ಕರೆಯಬೇಕಾಯಿತು, ಆದರೆ ಆ ಸಭೆ ಕ್ರಾಂತಿಯತ್ತ ತಿರುಗಿದ್ದು ಅಧಿಕಾರದ ಜಗಳದಿಂದ.’ ಇನ್ನು ನೀವು ಬರೆಯುವ ಪ್ರತಿ ಪ್ಯಾರಾ ಈ ಮಾತಿಗೆ ದುಡಿಯಬೇಕು.

‘1788ರಲ್ಲಿ ಬೆಳೆ ಕೈಕೊಟ್ಟಿತು, ಬ್ರೆಡ್ಡಿನ ಬೆಲೆ ಏರಿತು’ ಎಂದು ಬರೆದು ಮುಂದಿನ ಕಾರಣಕ್ಕೆ ಜಿಗಿದರೆ ಅದು ಬರೀ ಮಾಹಿತಿ. ಅಲ್ಲೇ ನಿಂತು ಇನ್ನೆರಡು ವಾಕ್ಯ ಬರೆಯಿರಿ. ಪ್ಯಾರಿಸ್‌ನ ಜನ ಬೀದಿಗಿಳಿದದ್ದಕ್ಕೆ ಹಸಿವು ದೊಡ್ಡ ಕಾರಣ, ಸರಿ. ಆದರೆ ಬೆಳೆ ಕೈಕೊಟ್ಟ ವರ್ಷಗಳು ಹಿಂದೆಯೂ ಇದ್ದವು, ಆಗ ರಾಜಪ್ರಭುತ್ವ ಉರುಳಲಿಲ್ಲ. ಹಾಗಾದರೆ ಈ ಸಲ ಹೊಸದೇನು? 1614ರ ನಂತರ ಸೇರಿಯೇ ಇರದಿದ್ದ ಸಭೆ 1789ರ ಮೇ ತಿಂಗಳಲ್ಲಿ ಸೇರಿತು. ಮತ ಎಣಿಸುವುದು ವರ್ಗಕ್ಕೊಂದರಂತೆಯೋ ತಲೆಗೊಂದರಂತೆಯೋ ಎಂಬ ವಾದ ಬಗೆಹರಿಯಲಿಲ್ಲ. ಜೂನ್ 17ರಂದು ಮೂರನೆಯ ವರ್ಗದವರು, ಅಂದರೆ ಸಾಮಾನ್ಯರ ಪ್ರತಿನಿಧಿಗಳು, ತಮ್ಮನ್ನೇ ರಾಷ್ಟ್ರೀಯ ಸಭೆ ಎಂದು ಘೋಷಿಸಿಕೊಂಡರು. ಬ್ರೆಡ್ಡಿನ ಬೆಲೆಯೊಂದರಿಂದಲೇ ಇದನ್ನು ವಿವರಿಸಲಾಗದು ಎಂದು ಬರೆದರೆ, ಅದು ವಾದವಾಯಿತು. ರೂಸೋ, ವಾಲ್ಟೇರ್‌ರಂಥ ದಾರ್ಶನಿಕರ ಪ್ರಭಾವದ ಬಗ್ಗೆ ನೀವು ಬಾಯಿಪಾಠ ಮಾಡಿದ ಎರಡು ಪುಟ ಇಲ್ಲಿ ನಾಲ್ಕು ಸಾಲಿಗೆ ಇಳಿಯಬೇಕು. ಕಷ್ಟಪಟ್ಟು ಓದಿದ್ದನ್ನು ಬಿಡಲು ಹೊಟ್ಟೆ ಉರಿಯುತ್ತದೆ, ಆದರೂ ಬಿಡಿ.

ಇನ್ನೊಬ್ಬರು: ಮೇಡಂ, ನಮ್ಮ ನಿಲುವು ಮೌಲ್ಯಮಾಪಕರಿಗೆ ಒಪ್ಪಿಗೆಯಾಗದಿದ್ದರೆ?

ಉತ್ತರ: ನಿಲುವಿಗಲ್ಲ, ಆಧಾರಕ್ಕೆ ಅಂಕ. ಎದುರು ಪಕ್ಷದ ಅತಿ ಗಟ್ಟಿ ವಾದವನ್ನು ನೀವೇ ಎತ್ತಿಕೊಂಡು ಉತ್ತರಿಸಿ. ಸುಲಭವಾಗಿ ಬೀಳುವುದನ್ನು ಆರಿಸಿಕೊಂಡರೆ ಓದುವವರಿಗೆ ಗೊತ್ತಾಗುತ್ತದೆ. ‘ಎರಡೂ ಕಡೆ ಸತ್ಯವಿದೆ’ ಎಂದು ಜಾರಿಕೊಳ್ಳಬೇಡಿ.

ಮೊದಲು ಕೇಳಿದವರು: ಸಮಯವೇ ಸಾಲುವುದಿಲ್ಲ. ಮೂರು ಗಂಟೆ, ನಾಲ್ಕು ಪ್ರಶ್ನೆ.

ಉತ್ತರ: ಒಂದಕ್ಕೆ ನಲವತ್ತೈದು ನಿಮಿಷ. ಅದರಲ್ಲಿ ಮೊದಲ ಐದು ನಿಮಿಷ ನಿಲುವು ಮತ್ತು ಪ್ಯಾರಾಗಳ ಕ್ರಮವನ್ನು ಗೀಚಿಕೊಳ್ಳಲು. ಚೆನ್ನಾಗಿ ಬರುವ ಉತ್ತರವನ್ನು ಒಂದು ಗಂಟೆ ಎಳೆದರೆ ಹೆಚ್ಚು ಸಿಗುವುದು ಒಂದೆರಡು ಅಂಕ. ಮುಟ್ಟದೆ ಬಿಟ್ಟ ನಾಲ್ಕನೆಯದಕ್ಕೆ ಸೊನ್ನೆ. ಕೊನೆಯಲ್ಲಿ ಹತ್ತೇ ನಿಮಿಷ ಉಳಿದಿದ್ದರೆ ಪೀಠಿಕೆ ಬಿಟ್ಟು ನಿಲುವನ್ನು ಬರೆಯಿರಿ, ಅದರ ಕೆಳಗೆ ಆಧಾರಗಳನ್ನು ಒಂದೊಂದು ಸಾಲಿನಲ್ಲಿ ಕೊಡಿ.