ಒಂದು ಗಾಡಿ ಹೊಲಕ್ಕ, ಒಂದು ಹೈದರಾಬಾದಿಗೆ: ಉಸ್ತಾದ್‌ಗೆ ಕೇಳ್ರಿ

ಅಡ್ಮಿನ್: ಇವತ್ತು ಸಂಜಿತನ ನಮ್ಮ ಬೈಕ್ ಗ್ರೂಪಿನಾಗ ಮೆಕ್ಯಾನಿಕ್ ಉಸ್ತಾದ್ ನಿಮ್ಮ ಪ್ರಶ್ನೆಗೆ ಉತ್ತರ ಕೊಡ್ತಾರ. ರಿಂಗ್ ರೋಡಿನಾಗ 22 ವರ್ಷದಿಂದ ಗ್ಯಾರೇಜ್ ನಡಸ್ಲಾಕತ್ಯಾರ. ಗಾಡಿ ಯಾವುದು, ಎಷ್ಟು ಓಡ್ಯದ ಅಂತ ಬರೀರಿ. ಒಬ್ಬರಿಗೆ ಒಂದ ಪ್ರಶ್ನೆ. ಗುಡ್ ಮಾರ್ನಿಂಗ್ ಫೋಟೋ ಬ್ಯಾಡ.

ಚಿತ್ತಾಪುರ ಹುಡುಗ: ನಮಸ್ಕಾರ ಉಸ್ತಾದ್. ಮನ್ಯಾಗ ಎರಡು ಗಾಡಿ ಅವ. ಹೀರೋ ಎಕ್ಸ್‌ಪಲ್ಸ್ 200 4ವಿ, 2022ರದು, 14 ಸಾವಿರ ಓಡ್ಯದ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, 2019ರದು, ಸೆಕೆಂಡ್ ಹ್ಯಾಂಡ್, 46 ಸಾವಿರ. ಎಕ್ಸ್‌ಪಲ್ಸ್ ಅಪ್ಪಾಜಿಗೆ. 63 ವರ್ಷ, ಎತ್ತರ 5 ಅಡಿ 4 ಇಂಚು. ದಿನಾ ಹೊಲಕ್ಕ ಹೋಗ್ತಾರ, 3 ಕಿಲೋಮೀಟರ್ ಎರಿ (ಕರಿ ಮಣ್ಣು) ದಾರಿ, ನಡುವ ಫರ್ಸಿ ಕಲ್ಲಿನ ಗಣಿ ಚೂರು ಚೆಲ್ಲ್ಯಾರ. ತೊಗರಿಗೆ ಎಣ್ಣಿ ಹೊಡಿಯೋ ದಿನ 16 ಲೀಟರಿನ ಪಂಪ್ ಹಿಂದ ಕಟ್ಕೋತಾರ. ಹಿಮಾಲಯನ್ ನಂದು, ತಿಂಗಳಿಗೆ ಎರಡು ಸಲ ಮನಿಯಾಕಿ ಜೋಡಿ ಹೈದರಾಬಾದ್. ಎಕ್ಸ್‌ಪಲ್ಸ್‌ಗೆ ರ‍್ಯಾಲಿ ಕಿಟ್ (ಗಾಡಿ ಎತ್ತರ ಮಾಡೋ ಉದ್ದ ಶಾಕಪ್ಪಿನ ಸೆಟ್) ಹಾಕಿಸಿ, ಮುಂದಿನ ಚೈನ್ ಸ್ಪ್ರಾಕೆಟ್ 13 ಹಲ್ಲಿಂದು 12 ಮಾಡಿ ಪೂರಾ ಆಫ್‌ರೋಡ್ ಮಾಡಬೇಕಂತೀನಿ. ಎರಡಕ್ಕೂ ಆಗ್ತದಂತ ಒಂದ ನಮೂನಿ ಬಟನ್ ಟೈರ್ (ದಪ್ಪ ಗುಬ್ಬಿ ಇರೋ ಮಣ್ಣಿನ ಟೈರ್) ಎರಡು ಜೋಡಿ ತರಿಸೀನಿ, ಆಫರ್ ಇತ್ತು. ಹಾಂ, ಟಾಪ್ ಬಾಕ್ಸ್ ಹಾಕಿಸಿದ ಮ್ಯಾಲ ಹಿಮಾಲಯನ್ 90 ದಾಟಿದ್ರ ಹ್ಯಾಂಡಲ್ ಜರಾ ಅಲುಗ್ತದ. ಹೊಸ ಟೈರ್ ಹಾಕಿದ್ರ ಹೋಗ್ತದಲ್ರಿ? ಶನಿವಾರ ಹೈದರಾಬಾದ್ ಹೋಗೋದದ.

ಯಾದಗಿರಿ 33: ಉಸ್ತಾದ್, ಎಕ್ಸ್‌ಪಲ್ಸ್‌ಗೆ ಹವಾ ಎಷ್ಟು?

ಉಸ್ತಾದ್: ಗಾಡಿ ಮ್ಯಾಲ ಕಂಪನಿಯವ್ರು ಚೀಟಿ ಅಂಟಿಸಿರ್ತಾರ. ಓದ್ರಿ.

ಆಳಂದ ರೋಡ್: ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದಂಗ ಮಾಡೋದು) ಬಂದ್ ಮಾಡೋದು ಹ್ಯಾಂಗ್ರಿ? ಹಿಮಾಲಯನ್.

ಉಸ್ತಾದ್: ಬಿಎಸ್6 (ಹೊಸ ಹೊಗಿ ನಿಯಮದ ಗಾಡಿ) ಇದ್ರ ಬಟನ್ ಅದ, ಹಿಂದಿನ ಗಾಲಿಗಷ್ಟೇ. ಹೈವೇದಾಗ ಬಂದ್ ಮಾಡಬ್ಯಾಡ್ರಿ.

ಉಸ್ತಾದ್: ಚಿತ್ತಾಪುರ ತಮ್ಮಾ, ಕೊನಿಗೆ ಬರದ್ದು ಮೊದಲ ಬರೀಬೇಕಿತ್ತು ನೀ. ಹ್ಯಾಂಡಲ್ ‘ಜರಾ’ ಅಲುಗೋದು ಅಂತ ಇರಂಗಿಲ್ಲ. ಹಿಂದ ಹೆಂಡತಿ ಕೂತಿರ್ತಾಳ, ಪಕ್ಕದಾಗ ಲಾರಿ ಇರ್ತದ. ಟೈರ್ ಮಾತು ಆಮ್ಯಾಲ. ಬಾಕ್ಸ್ ಬಿಚ್ಚು, ಡಬಲ್ ಸ್ಟ್ಯಾಂಡ್ ಹಾಕು, ಒಬ್ಬರು ಹಿಂದ ಒತ್ತಿ ಹಿಡೀಲಿ, ಮುಂದಿನ ಗಾಲಿ ನೆಲ ಬಿಡಬೇಕು. ಹ್ಯಾಂಡಲ್ ಎರಡ ಬೆರಳಿನಾಗ ಹಿಡಿದು ಎಡದಿಂದ ಬಲಕ್ಕ ಮೆಲ್ಲಕ ತಿರುಗಿಸು. ಬೆಣ್ಣಿ ಹಂಗ ತಿರುಗಬೇಕು. ನಟ್ಟ ನಡುವ ಬಂದಾಗ ಕುಣಿಗೆ ಬಿದ್ದಂಗ ‘ಕಟ್’ ಅಂತ ನಿಂತ್ರ ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್) ಹೋಗ್ಯದ. ಆಮ್ಯಾಲ ಫೋರ್ಕಿನ ಕೆಳಗಿನ ತುದಿ ಹಿಡಿದು ಹಿಂದ ಮುಂದ ಜಗ್ಗು. ಟಕ್ ಟಕ್ ಅಂದ್ರ ಸಡ್ಲ ಅದ. 46 ಸಾವಿರ ಓಡಿದ ಸೆಕೆಂಡ್ ಹ್ಯಾಂಡ್ ಗಾಡಿ, ಹಿಂದಿನ ಮಾಲಕ ಎಲ್ಲಿ ಹಾರಿಸ್ಯಾನೋ ಏನೋ.

ಅದು ಸರಿ ಇದ್ರ ಕಡ್ಡಿ ನೋಡು. ಸಣ್ಣ ಪಾನಾ ತಗೊಂಡು ಒಂದೊಂದ ಸ್ಪೋಕಿಗೆ ಬಡಿ. ‘ಟಿಣ್’ ಅನ್ನಬೇಕು, ‘ಡಬ್’ ಅಂದದ್ದಕ್ಕ ಸುಣ್ಣದ ಗುರ್ತು ಹಾಕು. ನೀನ ಬಿಗಿ ಮಾಡ್ಲಾಕ ಹೋಗಬ್ಯಾಡ, ಗಾಲಿ ಔಟ್ ಆಗ್ತದ. ಮೂರನೇದು, ಬಾಕ್ಸಿನಾಗ ಏನ್ ತುಂಬ್ತಿ? ಬಾಕ್ಸ್ ಹಿಂದಿನ ಆಕ್ಸಲ್ ದಾಟಿ ಹೊರಗ ಇರ್ತದ. ತಕ್ಕಡಿ ಇದ್ದಂಗ, ಹಿಂದ ಭಾರ ಆದಷ್ಟು ಮುಂದಿನ ಗಾಲಿ ಹಗರ ಆಗ್ತದ. ಹಗರಾದ ಗಾಲಿ ಕುಣೀತದ.

ಬೀದರ್ 38: *ಫಾರ್ವರ್ಡ್* ಬೇಸಿಗೆಯಲ್ಲಿ ಟೈರ್ ಸಿಡಿದು ಅಪಘಾತ! 40 ಡಿಗ್ರಿ ದಾಟಿದರೆ ಗಾಳಿಯನ್ನು 10 ಪಾಯಿಂಟ್ ಕಡಿಮೆ ಮಾಡಿ. ಒಂದು ಜೀವ ಉಳಿಸಿ, ಎಲ್ಲರಿಗೂ ಕಳಿಸಿ 🙏

ಉಸ್ತಾದ್: ಇದನ್ನ ಯಾರು ಬರದಾರೋ ಅವ್ರನ್ನ ಮೇ ತಿಂಗಳ ಸೇಡಂ ರೋಡಿನಾಗ ಓಡಸ್ಬೇಕು. ಹವಾ ಕಡಿಮಿ ಆದ್ರ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಕಾಯ್ತದ. ತಂತಿ ಹಿಂದ ಮುಂದ ಬಗ್ಗಿಸಿದ್ರ ಬಿಸಿ ಆಗ್ತದಲ್ಲ, ಹಂಗ. ಸಿಡಿಯೋದು ಅದ. ಮುಂಜಾನಿ ಟೈರ್ ತಣ್ಣಗಿದ್ದಾಗ ಕಂಪನಿ ಹೇಳಿದಷ್ಟು ಹಾಕ್ರಿ, ಓಡಿಸಿದ ಮ್ಯಾಲ ಮೀಟರಿನಾಗ ಹೆಚ್ಚ ತೋರಿಸ್ತದ, ತೋರಿಸ್ಲಿ. ಬಿಡಬ್ಯಾಡ್ರಿ.

ಬೀದರ್ 38: ನಾನೇನು ಬರದಿಲ್ರಿ, ಬಂದದ್ದು ಕಳಿಸೀನಿ. ನಮ್ಮ ಕಡಿ ಜಂಬಿಟ್ಟಿಗಿ ಕಲ್ಲಿನ ದಾರಿ, ಬ್ಯಾಶ್ ಪ್ಲೇಟ್ (ಎಂಜಿನ್ ಕೆಳಗಿನ ತಗಡು) ಅಲ್ಯೂಮಿನಿಯಂದು ಹಾಕಿಸ್ಲೋ ಕಬ್ಬಿಣದ್ದೋ?

ಜೇವರ್ಗಿ ಕಾಕಾ: ಹೊಲಕ್ಕ ಹೋಗ್ಲಾಕ ಎಕ್ಸ್‌ಪಲ್ಸ್ ಯಾಕ್ರಪಾ? ನಾ 25 ವರ್ಷ ಸ್ಪ್ಲೆಂಡರ್ ಮ್ಯಾಲ ಹೋಗೀನಿ, ಹೆಂಡತಿ, ಬುತ್ತಿ, ಮೇವಿನ ಹೊರಿ ಎಲ್ಲಾ.

ಕೆಎ 32 ಸವಾರ: ಕಾಕಾ, 25 ವರ್ಷದಾಗ ಎಷ್ಟು ಸಲ ಬಿದ್ದೀರಿ ಅದೂ ಹೇಳ್ರಿ.

ಜೇವರ್ಗಿ ಕಾಕಾ: ಬಿದ್ದ್ರ ಎತ್ತಲಿಕ್ಕೆ ಬರ್ತಿತ್ತು. ನಿಮ್ಮ ಹಿಮಾಲಯನ್ ಎತ್ತಲಿಕ್ಕೆ ನಾಕ ಮಂದಿ ಕರೀಬೇಕು.

ಬೀದರ್ 38: ಹೊಲಕ್ಕ ಟಿವಿಎಸ್ ಎಕ್ಸೆಲ್ ಮೊಪೆಡ್ ಬೆಸ್ಟ್. ಮತ್ತ ನಮ್ಮ ಬೀದರಿನ ಕೆಂಪು ಮಣ್ಣು ನಿಮ್ಮ ಎರಿ ಹಂಗ ಅಂಟಂಗಿಲ್ಲ 😄

ಕೆಎ 32 ಸವಾರ: ಎರಿ ಅಂತನ ತೊಗರಿ ಬೆಳೀತದ. ನಿಮ್ಮ ಕೆಂಪು ಮಣ್ಣಿನಾಗ ಬರೀ ಫೋಟೋ ಬೆಳೀತಾವ.

ಬೀದರ್ 38: ನಾಲಿಗಿ ಸಂಭಾಳಿಸ್ರಿ.

ಅಡ್ಮಿನ್: ಮಣ್ಣಿನ ಜಗಳ ಇಲ್ಲಿ ಬ್ಯಾಡ.

ಉಸ್ತಾದ್: ಕಾಕಾ ಹೇಳಿದ್ರಾಗ ಅರ್ಧ ಖರೇ ಅದ. ಚಿತ್ತಾಪುರ ತಮ್ಮಾ, ಈಗ ಅಪ್ಪಾಜಿ ಗಾಡಿಗೆ ಬರೋಣು. ರ‍್ಯಾಲಿ ಕಿಟ್ ಹಾಕಿಸಿದ್ರ ಶಾಕಪ್ ಆಡೋದು ಮುಂದ 190 ಮಿಲಿಮೀಟರ್ ಇದ್ದದ್ದು 250, ಹಿಂದ 170 ಇದ್ದದ್ದು 220 ಆಗ್ತದ. ಕೂಡೋ ಸೀಟು ಈಗ 825 ಮಿಲಿಮೀಟರ್, ಕಿಟ್ ಆದ ಮ್ಯಾಲ ಮತ್ತ ಮೂರು ಬೆರಳು ಮ್ಯಾಲ ಏರ್ತದ. 5 ಅಡಿ 4 ಇಂಚಿನ ಮನುಷ್ಯಾ, ಬೆನ್ನ ಹಿಂದ ಪಂಪು, ಹಸಿ ಎರಿಯಾಗ ಗಾಡಿ ವಾಲಿದ್ರ ಕಾಲು ಎಲ್ಲಿ ಊರಬೇಕು? ಕಿಟ್ ಹಾರೋ ಹುಡುಗುರಿಗೆ ಮಾಡ್ಯಾರ. ಹೊಲ ಅಂದ್ರ ಆಫ್‌ರೋಡ್ ಅಂತ ನಿನಗ ಅನಿಸ್ತದ, ಅಪ್ಪಾಜಿಗೆ ಅದು ದಿನದ ದಾರಿ. ಗಾಡಿ ಏರಿಸಬ್ಯಾಡ, ಇಳಿಸು. ಹಿಂದಿನ ಶಾಕಪ್ಪಿನ ಲಿಂಕ್ ಬದಲಿ ಮಾಡಿ ಇಳಿಸೋದು ಬ್ಯಾಡ, ಸೈಡ್ ಸ್ಟ್ಯಾಂಡ್ ಕತ್ತರಿಸೋದು ಬರ್ತದ. ಸೀಟ್ ಹೊಲಿಯೋರ ಹತ್ರ ಸ್ಪಂಜು ಒಂದು ಇಂಚು ಕೊರೆಸು, ಮೂಗಿನ ಕಡಿ ತೆಳ್ಳಗ ಮಾಡಂತ ಹೇಳು. ಅಷ್ಟ ಸಾಕು.

ಹಸಿ ಎರಿಗೆ ಯಾವ ಟೈರೂ ಇಲ್ಲ, ಇದು ಬರ್ಕೊಂಡು ಇಟ್ಕೋ. ಬಟನ್ ಟೈರಿನ ಸಂದಿ ಎರಡು ಸುತ್ತಿನಾಗ ತುಂಬಿ ನುಣ್ಣಗ ಆಗ್ತದ. ಚಪ್ಪಲಿಗೆ ಮೆತ್ತಿ ಎರಡು ಸೇರು ಭಾರ ಆಗೋದು ನೋಡಿದಿಯಲ್ಲ. ಬೀಳಸೋದು ಟೈರಲ್ಲ, ಮುಂದಿನ ಗಾಲಿಯ ಕೆಳಗಿನ ಮಡ್‌ಗಾರ್ಡು. ಗಾಲಿಗೂ ಅದಕ್ಕೂ ನಡುವ ಇರೋ ಸಂದಿಯಾಗ ಎರಿ ಕೂಡ್ತದ, ಗಾಲಿ ಗಕ್ಕಂತ ನಿಲ್ತದ, ಮನುಷ್ಯಾ ಹ್ಯಾಂಡಲ್ ಮ್ಯಾಲಿಂದ ಮುಂದ ಹೋಗ್ತಾನ. ಮಳಿಗಾಲಕ್ಕ ಅದನ್ನ ಬಿಚ್ಚಿ ಮನ್ಯಾಗ ಇಡು. ಬ್ರೇಕ್ ಪೈಪ್ ತೂಗಾಡದಂಗ ಕಟ್ಟು. ಮಳಿ ನಿಂತ ಮರುದಿನ ಬಿಸಿಲು ಬೀಳೋತನ ಗಾಡಿ ರೋಡಿನ ಬದಿಗೆ ನಿಲ್ಲಿಸಿ ನಡದು ಹೋಗಂತ ಹೇಳು.

ಮಣ್ಣಂತ ಹವಾ ಭಾಳ ಇಳಿಸಬ್ಯಾಡ. ಫರ್ಸಿ ಚೂರಿನ ಅಂಚು ಚಾಕು ಇದ್ದಂಗ ಇರ್ತದ, ಕಲ್ಲಿಗೂ ರಿಮ್ಮಿಗೂ ನಡುವ ಟ್ಯೂಬ್ ಸಿಕ್ಕು ಹಾವು ಕಚ್ಚಿದಂಗ ಎರಡು ತೂತು ಬೀಳ್ತಾವ. 22 ಪಾಯಿಂಟಿಗಿಂತ ಕೆಳಗ ನಾ ಬಿಡಂಗಿಲ್ಲ. ಪಂಪ್ ಖಾಲಿ ಒಯ್ದು ನೀರು ಹೊಲದಾಗ ತುಂಬಲಿ. ಹಿಂದಿನ ಶಾಕಪ್ ಹತ್ತು ಹಂತದ್ದು. ಹಿಂದಿನ ಗಾಲಿ ಎತ್ತಿ ತೂಗಬಿಟ್ಟು ಆಕ್ಸಲಿಂದ ಸೀಟಿನ ಕೆಳಗಿನ ಒಂದು ಬೋಲ್ಟಿಗೆ ಟೇಪ್ ಹಿಡಿ. ಆಮ್ಯಾಲ ಗಾಡಿ ನೆಲಕ್ಕ ಇಳಿಸಿ ಅಪ್ಪಾಜಿ ಕೂತಾಗ ಮತ್ತ ಹಿಡಿ. ಐದರಿಂದ ಐದೂವರಿ ಸೆಂಟಿಮೀಟರ್ ಕಡಿಮಿ ಆಗಬೇಕು. ಹೆಚ್ಚು ಕುಂತ್ರ ಒಂದು ಹಂತ ಬಿಗಿ ಮಾಡು.

12 ಹಲ್ಲಿಂದು ಹಾಕಿಸಬಹುದು. ಅದ ಸ್ಪೀಡಿಗೆ ಎಂಜಿನ್ ನೂರಕ್ಕ ಎಂಟು ಪಾಲು ಹೆಚ್ಚು ತಿರುಗ್ತದ, 40ರಾಗ ಹೋಗೋರಿಗೆ ಏನೂ ತ್ರಾಸಿಲ್ಲ, ಒಂದನೇ ಗೇರಿನಾಗ ಕ್ಲಚ್ ಹಿಡಿಯೋದು ತಪ್ತದ. ಚೈನ್ ಮಾತ್ರ ಸ್ಟ್ಯಾಂಡ್ ಮ್ಯಾಲ ಹಗ್ಗದಂಗ ಬಿಗಿ ಮಾಡಬ್ಯಾಡ, ಕುಂತ ಮ್ಯಾಲ ಇನ್ನೂ ಬಿಗೀತದ, ಗೇರ್‌ಬಾಕ್ಸ್ ಬೇರಿಂಗ್ ತಿಂತದ.

ಈಗ ನಿನ್ನ ಆಫರ್. ಹಿಮಾಲಯನ್ ಹಿಂದಿನ ಗಾಲಿ 17 ಇಂಚು, ಎಕ್ಸ್‌ಪಲ್ಸ್‌ದು 18. ಎರಡು ಜೋಡಿ ಒಂದ ನಮೂನಿ ತರಿಸಿದಿ ಅಂದ್ರ ಒಂದು ಗಾಡಿಗೆ ಹಿಂದಿಂದು ಕೂಡಂಗ ಇಲ್ಲ. ಮುಂದಿಂದು ಎರಡಕ್ಕೂ 90/90-21, ಅಂದ್ರ 21 ಇಂಚಿನ ಗಾಲಿದು. ಒಂದು ಅಪ್ಪಾಜಿ ಗಾಡಿಗೆ ಹಾಕು, ಉಳದದ್ದು ವಾಪಸ್ ಕಳಿಸು. ಹಿಮಾಲಯನ್‌ಗೆ ಬಟನ್ ಬ್ಯಾಡ, 200 ಕಿಲೋಮೀಟರ್ ಡಾಂಬರಿನಾಗ ಅದ ತೇಲ್ತದ, ಅದ ಸವೀತದ. 21ರ ಟ್ಯೂಬ್ ಒಂದು ಜೋಡಿ ಇಟ್ಕೋ. ಅಡ್ಡಿ ಬಂದ್ರ ಹಿಂದಿನ ಟೈರಿನಾಗೂ ಮಡಚಿ ತುರುಕಿ ಊರು ಮುಟ್ಟಬಹುದು.

ಯಾದಗಿರಿ 33: ಉಸ್ತಾದ್ ಹವಾ ಎಷ್ಟಂತ ಹೇಳಲೇ ಇಲ್ಲ.

ಉಸ್ತಾದ್: ಚೀಟಿ.

ಆಳಂದ ರೋಡ್: ಸ್ಪೋಕ್ ಗಾಲಿಗೆ ಒಳಗ ಸಿಲಿಕಾನ್ ಬಳದ್ರ ಟ್ಯೂಬ್‌ಲೆಸ್ ಆಗ್ತದಂತ, ವಿಡಿಯೋ ನೋಡೀನಿ.

ಉಸ್ತಾದ್: ವಿಡಿಯೋ ಮಾಡಿದವ 45 ಡಿಗ್ರಿಯಾಗ ಓಡಿಸಿ ತೋರಿಸ್ಯಾನೇನು? ಟ್ಯೂಬಿನ ರಿಮ್ಮಿನಾಗ ಟೈರ್ ಹಿಡಿಯೋ ಏಣು ಇರಂಗಿಲ್ಲ. ಹವಾ ಹೋದ್ರ ಟೈರ್ ರಿಮ್ ಬಿಡ್ತದ. ಮುಂದಿನ ಗಾಲಿಗೆ ಇದನ್ನ ಮಾಡಿ ನನ್ನ ಗ್ಯಾರೇಜಿಗೆ ಬರಬ್ಯಾಡ್ರಿ.

ಬೀದರ್ 38: *ಫಾರ್ವರ್ಡ್* ಚೈನ್ ಹೊಸದರಂತೆ ಹೊಳೆಯಲು ಪೆಟ್ರೋಲ್‌ನಿಂದ ತೊಳೆಯಿರಿ...

ಉಸ್ತಾದ್: ಪೆಟ್ರೋಲಿಗೆ ಹಾಳಾದ ಒಳಗಿನ ರಬ್ಬರ್ ರಿಂಗ್ ಯಾರು ತಂದು ಕೊಡ್ತಾರ, ನಿಮ್ಮ ಫಾರ್ವರ್ಡೇನು? ಸೀಮಿಎಣ್ಣಿ, ಮೆತ್ತನ ಬ್ರಶ್, ಆಮ್ಯಾಲ ಎಣ್ಣಿ. ಸಾಕು ಮಾಡ್ರಿ.

ಬೀದರ್ 38: ನನ್ನ ಬ್ಯಾಶ್ ಪ್ಲೇಟಿಗೆ ಉತ್ತರ ಕೊಡ್ಲಿಲ್ಲ, ಬೈಯ್ಲಿಕ್ಕೆ ಟೈಮ್ ಅದ.

ಚಿತ್ತಾಪುರ ಹುಡುಗ: ಉಸ್ತಾದ್, ಈಗ ಬಾಕ್ಸ್ ಬಿಚ್ಚಿ ನೋಡ್ದೆ. ನಡುವ ಬಂದಾಗ ‘ಕಟ್’ ಅಂತ ಕೂಡ್ತದ. ಜಗ್ಗಿದ್ರ ಸಪ್ಪಳನೂ ಬರ್ತದ. ಬಾಕ್ಸಿನಾಗ ಅತ್ತಿ ಮನಿಗೆ ಒಯ್ಯೋ ತೊಗರಿಬ್ಯಾಳಿ, 15 ಕಿಲೋ.

ಜೇವರ್ಗಿ ಕಾಕಾ: ಬ್ಯಾಳಿ ಹೈದರಾಬಾದಿಗೆ ಟ್ರೇನಿನಾಗ ಒಯ್ಯಪಾ.

ಚಿತ್ತಾಪುರ ಹುಡುಗ: ಶನಿವಾರ ಒಂದು ಸಲ 80ರಾಗ ಮೆಲ್ಲಕ ಹೋಗಿ ಬಂದು ಆಮ್ಯಾಲ ಮಾಡಿಸಿದ್ರ ನಡೀತದೇನ್ರಿ?

ಉಸ್ತಾದ್: ಇಲ್ಲ. ಶನಿವಾರ ಟ್ರೇನಿಗೆ ಹೋಗು, ಬ್ಯಾಳಿನೂ ಒಯ್ಯಿ. ಸೋಮವಾರ ಗಾಡಿ ತಗೊಂಡು ಬಾ, ಬರೋವಾಗ 40 ದಾಟಬ್ಯಾಡ, ಒಬ್ಬನ ಬಾ. ಎಕ್ಸ್‌ಪಲ್ಸ್ ಮ್ಯಾಲ ಅಪ್ಪಾಜಿ ಬರಲಿ. ಪಂಪೂ ಕಟ್ಕೊಂಡು ಬರಂತ ಹೇಳು, ಶಾಕಪ್ ಅಳಿಯೋಣು.