ಡಿಲೇ ಬಗ್ಗೆ ಶುಭಾಗೆ ದೊಡ್ಡಮ್ಮನ ಉತ್ತರ

ಶುಭಾ, ನಿನ್ನ ಮೆಸೇಜ್ ಈಗ ನೋಡಿದೆ ಕಣಮ್ಮ. ಹಿಮದಿಂದಾಗಿ ನಾಳೆ ಶಾಲೆ ಎರಡು ಗಂಟೆ ಡಿಲೇ, ತಡವಾಗಿ ಶುರು ಅಂತ ಫೋನ್ ಬಂದಿದೆ, ಇಬ್ಬರಿಗೂ ಆಫೀಸ್ ಇದೆ, ಬಸ್ ಬರುತ್ತೋ ಇಲ್ಲವೋ, ಮಗಳು ಆದ್ಯಾಳನ್ನು ಏನು ಮಾಡುವುದು ಅಂತ ಕೇಳಿದ್ದೀಯಲ್ಲ, ಹೇಳುತ್ತೇನೆ. ಪೂರ್ತಿ ಕೇಳು. ಪವಿತ್ರಾ, ನೀನೂ ಕೇಳು, ಮುಂದಿನ ತಿಂಗಳು ಡೆಟ್ರಾಯಿಟ್‌ಗೆ ಹೊರಟವಳು ನೀನು.

ಬೆಳಗಿನ ಡಿಲೇಗೆ ಹೆದರಬೇಡ. ಹೆದರಬೇಕಾದದ್ದು ಮಧ್ಯಾಹ್ನಕ್ಕೆ. ಹಿಮ ಜೋರಾಯಿತು ಅಂತ ಶಾಲೆಯವರು ಮಕ್ಕಳನ್ನು ಬೇಗ ಬಸ್ ಹತ್ತಿಸಿ ಕಳಿಸಿಬಿಡುತ್ತಾರಲ್ಲ, ಅದಕ್ಕೆ. ಆ ಹೊತ್ತಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ಶಾಲೆಯಲ್ಲಿ ನಿಮ್ಮ ಯಾವ ನಂಬರ್ ಇದೆ, ನೀವು ಸಿಗದಿದ್ದರೆ ಯಾರ ನಂಬರ್ ಇದೆ, ಈವತ್ತೇ ನೋಡು.

ನನ್ನ ಮಗ ಪ್ರಶಾಂತನ ಕಥೆ ನಿಮಗೆಲ್ಲ ಅರ್ಧ ಗೊತ್ತು. ಪೂರ್ತಿ ಗೊತ್ತಿಲ್ಲ. 1991ರ ಹ್ಯಾಲೋವೀನ್ ಹಿಮದ ಫೋಟೋ ನೋಡಿದ್ದೀರಲ್ಲ, ನಮ್ಮ ಮಿನ್ನೆಸೋಟಾದ ಅವಳಿ ನಗರ ಟ್ವಿನ್ ಸಿಟೀಸ್‌ನಲ್ಲಿ 28 ಇಂಚು ಬಿದ್ದದ್ದು. ಅದರ ಮಾರನೇ ವರ್ಷದ ಚಳಿಗಾಲ. ಅವನಿನ್ನೂ ಚಿಕ್ಕವನು. ಆಗ ಮೊಬೈಲ್ ಎಲ್ಲಿತ್ತು? ಬೆಳಿಗ್ಗೆ ಎದ್ದು ಡಬ್ಲ್ಯೂಸಿಸಿಓ ರೇಡಿಯೋ ಹಾಕಬೇಕು. ಅವರು ಮುಚ್ಚಿದ ಶಾಲೆಗಳ ಹೆಸರು ಓದುತ್ತಾ ಹೋಗುತ್ತಿದ್ದರು. ನಮ್ಮದು ಕಿವಿಗೆ ಬೀಳದಿದ್ದರೆ ಮತ್ತೆ ಮೊದಲಿಂದ ಓದುವವರೆಗೆ ಕಾಯಬೇಕು. ಆ ದಿನ ನಮ್ಮ ಶಾಲೆ ಪಟ್ಟಿಯಲ್ಲಿ ಇರಲಿಲ್ಲ. ಹುಡುಗ ಹೋದ. ನಾನು ಲ್ಯಾಬ್‌ಗೆ ಹೋದೆ. ದೊಡ್ಡಪ್ಪ ಕೆಲಸದ ಮೇಲೆ ರಾಚೆಸ್ಟರ್‌ನಲ್ಲಿ.

ಹೊತ್ತು ಏರಿದ ಹಾಗೆ ಗಾಳಿ ಎದ್ದಿತು. ಶಾಲೆಯವರು ಮಧ್ಯಾಹ್ನಕ್ಕೇ ಮಕ್ಕಳನ್ನು ಕಳಿಸಿದರು. ನನಗೆ ಫೋನ್ ಮಾಡಿದ್ದು ಹಳೇ ಅಪಾರ್ಟ್‌ಮೆಂಟ್ ನಂಬರ್‌ಗೆ. ಮನೆ ಬದಲಿಸಿದಾಗಲೇ ಹೊಸ ನಂಬರ್ ಬರೆದು ನಾನೇ ಆಫೀಸಿನ ಕೌಂಟರ್‌ನಲ್ಲಿ ಕೊಟ್ಟಿದ್ದೆ. ಯಾರೂ ಅದನ್ನು ಫೈಲಿಗೆ ಏರಿಸಿರಲಿಲ್ಲ. ಹುಡುಗ ಬಸ್ ಇಳಿದು ಬಂದರೆ ಮನೆಗೆ ಬೀಗ. ಬಾಗಿಲ ಹತ್ತಿರ ನಿಂತಿದ್ದಾನೆ. ಎದುರು ಮನೆ ಅಜ್ಜಿ ಕಿಟಕಿಯಿಂದ ನೋಡಿ ಓಡಿ ಬಂದು ಒಳಗೆ ಕರೆದುಕೊಂಡಳು. ಆ ತಾಯಿ ಈಗಿಲ್ಲ, ದೇವರು ಅವಳನ್ನು ಚೆನ್ನಾಗಿಟ್ಟಿರಲಿ. ಅಷ್ಟರಲ್ಲಿ ಅವನ ಕಿವಿಯ ತುದಿ ಬೆಳ್ಳಗಾಗಿತ್ತು. ಈಗಲೂ ಚಳಿ ಬಂದರೆ ಅವನಿಗೆ ಅದೇ ಕಿವಿ ಉರಿಯುತ್ತದೆ. ವಿಂಡ್ ಚಿಲ್, ಅಂದರೆ ಗಾಳಿ ಸೇರಿ ಮೈಗೆ ತಟ್ಟುವ ಚಳಿ, ಮೈನಸ್ 35 ಫ್ಯಾರನ್‌ಹೀಟ್ ಆದರೆ ಮುಚ್ಚದ ಚರ್ಮ ಹತ್ತೇ ನಿಮಿಷದಲ್ಲಿ ಹೆಪ್ಪುಗಟ್ಟಬಹುದು ಶುಭಾ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ನಂಬರ್ ನೋಡು. ಮಧ್ಯಾಹ್ನ ಬೇಗ ಬಿಟ್ಟರೆ ಯಾರ ಮನೆಗೆ ಹೋಗಬೇಕು ಅಂತ ಆದ್ಯಾಗೂ ಬಾಯಿಪಾಠ ಮಾಡಿಸು.

ಇನ್ನೊಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಶಾಲೆಯ ಕಾಗದದಲ್ಲಿ, ನಾವು ಸಿಗದಿದ್ದರೆ ಕರೆಯಬೇಕಾದ ಎರಡನೇ ಹೆಸರು ನಮ್ಮವರದೇ ಒಬ್ಬರದು. ಹತ್ತು ನಿಮಿಷದ ದಾರಿಯಲ್ಲಿದ್ದರು. ಕೇಳಿಯೇ ಬರೆಸಿದ್ದೆ. ಶಾಲೆಯವರು ಫೋನ್ ಮಾಡಿದಾಗ ಮನೆಯಲ್ಲೇ ಇದ್ದವರು, ರೋಡ್ ಸರಿಯಿಲ್ಲ, ಆಗುವುದಿಲ್ಲ ಅಂದರಂತೆ. ಹೋಗಲಿ, ನನ್ನ ಲ್ಯಾಬ್‌ಗಾದರೂ ಒಂದು ಫೋನ್ ಮಾಡಬಹುದಿತ್ತು ಅಲ್ವಾ? ಮಾಡಲಿಲ್ಲ. ಆಮೇಲೆ ಮೈಸೂರಿನಲ್ಲಿ ಮುಂಜಿ ಮನೆಯಲ್ಲಿ, ಎಲ್ಲರೂ ಊಟಕ್ಕೆ ಕೂತಿರುವಾಗ, ಸಂಬಳದ ಆಸೆಗೆ ಮಗುವನ್ನು ಹಿಮದಲ್ಲಿ ನಿಲ್ಲಿಸಿದವಳು ಅಂತ ನನ್ನನ್ನೇ ಅಂದರು. ಎಲೆ ಮುಂದೆ ಕೂತು ಕೇಳಿಸಿಕೊಂಡೆ. ದೊಡ್ಡಪ್ಪ ಎಲ್ಲಿದ್ದರು ಅಂತ ಒಬ್ಬರೂ ಕೇಳಲಿಲ್ಲ. ಅಮ್ಮ ಹೋಗಿ ಎಂಟು ವರ್ಷ, ಆ ದಿನ ನನ್ನ ಪರವಾಗಿ ಮಾತಾಡಿದ್ದು ಅವಳೊಬ್ಬಳೇ. ನಿನಗೂ ಯಾರಾದರೂ ಹಾಗೆ ಅಂದರೆ ನನಗೆ ಹೇಳು ಶುಭಾ, ಉತ್ತರ ನಾನು ಕೊಡುತ್ತೇನೆ.

ಅಯ್ಯೋ, ನೀನು ಕೇಳಿದ್ದೇ ಉಳಿಯಿತು. ಎರಡು ಗಂಟೆ ಡಿಲೇ ಅಂದರೆ ಬಸ್ಸೂ ಎರಡು ಗಂಟೆ ತಡ. ದಿನಾ 7:50ಕ್ಕೆ ಬರುವುದು 9:50ಕ್ಕೆ ಬರುತ್ತದೆ. ಸಂಜೆ ಬಿಡುವ ಹೊತ್ತು ಬದಲಾಗುವುದಿಲ್ಲ. ರಾತ್ರಿ ಹಿಮ ಜಾಸ್ತಿಯಾದರೆ ಡಿಲೇ ಹೋಗಿ ಪೂರ್ತಿ ರಜೆಯೂ ಆಗಬಹುದು, ಹಾಗಾಗಿ ಐದೂವರೆಗೆ ಫೋನ್ ಮತ್ತೊಮ್ಮೆ ನೋಡು. ಇದನ್ನು ತೀರ್ಮಾನಿಸುವುದು ಆಯಾ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನ ಸೂಪರಿಂಟೆಂಡೆಂಟ್. ಬೆಳಗಿನ ಜಾವವೇ ಅವರ ಜನ ರಸ್ತೆ ನೋಡುತ್ತಾರೆ, ಬಸ್‌ಗಳು ಸ್ಟಾರ್ಟ್ ಆಗುತ್ತವೋ ನೋಡುತ್ತಾರೆ, ಆ ಚಳಿಗೆ ಡೀಸೆಲ್ ಗಟ್ಟಿಯಾಗುತ್ತದೆ. ಗವರ್ನರ್ ಇಡೀ ರಾಜ್ಯಕ್ಕೆ ರಜೆ ಕೊಡುವುದು ಬಲು ಅಪರೂಪ. 1994ರಲ್ಲಿ ಕಾರ್ಲ್‌ಸನ್ ಕೊಟ್ಟಿದ್ದರು, 2014ರ ಜನವರಿ 6ಕ್ಕೆ ಡೇಟನ್ ಕೊಟ್ಟರು, ಎರಡೂ ಸಲ ಚಳಿಗೆ.

ಪಕ್ಕದ ಬೀದಿಯವರಿಗೆ ರಜೆ ಅಂತ ನೀನೂ ಸುಮ್ನೆ ಇರಬೇಡ. ಪ್ಲಿಮತ್ ಒಂದೇ ಊರಾದರೂ ವೈಜ಼ೆಟಾ, ರಾಬಿನ್ಸ್‌ಡೇಲ್, ಆಸಿಯೋ, ಹಾಪ್ಕಿನ್ಸ್ ಅಂತ ನಾಲ್ಕು ಡಿಸ್ಟ್ರಿಕ್ಟ್‌ಗೆ ಹಂಚಿಹೋಗಿದೆ. ನಿಮ್ಮದು ಏನು ಹೇಳಿದೆ ಅದನ್ನೇ ನೋಡು. ರಜೆ ಬದಲು ಇ-ಲರ್ನಿಂಗ್ ಅಂತಲೂ ಹೇಳಬಹುದು, ವರ್ಷಕ್ಕೆ ಐದು ದಿನದವರೆಗೆ ಅದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಐಪ್ಯಾಡ್ ರಾತ್ರಿಯೇ ಚಾರ್ಜ್‌ಗೆ ಹಾಕು.

ನಾಳೆ ಏಳಕ್ಕೆ ಆದ್ಯಾಳನ್ನು ನಮ್ಮ ಮನೆಗೆ ತಂದು ಬಿಡಿ. ದೊಡ್ಡಪ್ಪ ಕಾರಿನಲ್ಲಿ ಶಾಲೆಗೆ ಬಿಟ್ಟು ಬರುತ್ತಾರೆ. ಎರಡನೇ ಹೆಸರಿಗೆ ನನ್ನದನ್ನೇ ಹಾಕು, ಪಟ್ಟಿಯಲ್ಲಿ ಇಲ್ಲದವರ ಕೈಗೆ ಅವರು ಮಗು ಕೊಡುವುದಿಲ್ಲ. ತಿಂಡಿ ಕಟ್ಟಬೇಡ, ಇಡ್ಲಿ ಹಿಟ್ಟಿದೆ. ಸ್ನೋ ಪ್ಯಾಂಟು, ಬೂಟು, ಕಿವಿ ಮುಚ್ಚುವ ಟೋಪಿ ಕಳಿಸು.