9 ವರ್ಷದ ಲ್ಯಾಪ್‌ಟಾಪ್ ಕೈ ಕೊಟ್ಟೈತಿ, ಅದ ಕಂಪನಿದು ತಗೊಳ್ಳಲೋ ಬದಲಿಸಲೋ? ಅನುಭವ ಇದ್ದವ್ರು ಹೇಳ್ರಿ

ಕಾಲಚಕ್ರ_ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ್ರೀ. ನಾ ಟೈಮ್ ಟ್ರಾವೆಲ್ ಸೀರೀಸ್‌ಗಳ ಕಥಿ ಬಿಡಿಸಿ ಕನ್ನಡದಾಗ ಹೇಳೋ ಸಣ್ಣ ವಿಡಿಯೋ ಮಾಡ್ತೀನಿ. ಈಗ ಜರ್ಮನ್ ಸೀರೀಸ್ ಡಾರ್ಕ್ ನಡದೈತಿ, ಮೂರನೇ ಸೀಸನ್ನಿಗೆ ಬಂದು ನಿಂತೀನಿ, ಯಾಕಂದ್ರ ಲ್ಯಾಪ್‌ಟಾಪ್ ಕೈ ಕೊಟ್ಟೈತಿ. ನಾ ಡಿಗ್ರಿ ಸೇರೋ ಮುಂದ ಅಪ್ಪಾಜಿ ಕೊಡಿಸಿದ್ದು. ಹಿಂಜ್, ಅಂದ್ರ ಸ್ಕ್ರೀನಿನ ಕೀಲು, ಮುರದು ಸ್ಕ್ರೀನ್ ಹಿಂದ ಡಿಕ್ಷನರಿ ಆನಿಸಿ ಇಟ್ಟೀನಿ, ಐದು ನಿಮಿಷದ ವಿಡಿಯೋ ರೆಂಡರ್ ಆಗಾಕ, ಅಂದ್ರ ಎಡಿಟ್ ಮಾಡಿದ್ದು ಪೂರ್ತಿ ಫೈಲ್ ಆಗಿ ಬರಾಕ, 50 ನಿಮಿಷ ಬೇಕು, ಮತ್ತ ದಿನಾ ಮುಂಜಾನೆ ಚಾಲೂ ಮಾಡಿದ್ರ ತಾರೀಖು ಎಷ್ಟೋ ವರ್ಷ ಹಿಂದ ಹೋಗಿರ್ತೈತಿ. ಬಜೆಟ್ 65 ಸಾವಿರ. ಮನ್ಯಾಗ ಅದ ಕಂಪನಿದ ತಗೋ ಅಂತಾರ, ನಂಗ ಮನಸ್ಸು ಎರಡಾಗೇತಿ.

ಇನ್ನೊಂದು, ಡಾರ್ಕ್ ಕಡೀ ಎಪಿಸೋಡಿನ ಲಾಜಿಕ್ ನಿಮಗ ಕೂಡತೈತೇನ್ರೀ? ಅದನ್ನೂ ಹೇಳ್ರಿ, ವಿಡಿಯೋಕ್ಕ ಬೇಕು. ಬೈಯೋದಿದ್ರ ಕಂಪನಿ ಹೆಸರು ಹಾಕಬ್ಯಾಡ್ರಿ, ಹೋದ ಸಲ ಅದಕ್ಕ ಜಗಳಾಗಿ ಇಬ್ಬರು ಗ್ರೂಪ್ ಬಿಟ್ಟು ಹೋದ್ರು.

ಕೆಂಪು_ಗುಂಡಿ_ಧಾರವಾಡ

ಥಿಂಕ್‌ಪ್ಯಾಡ್ ತಗೋರಿ. ನಾ 2011ರಿಂದ ಅದೊಂದನ್ನ ಬಳಸ್ಕೋತ ಬಂದೀನಿ, ಈಗಿಂದು ಮೂರನೇದು. 1992ರೊಳಗ ಐಬಿಎಂನವರು ಶುರು ಮಾಡಿದ್ದು, 2005ರೊಳಗ ಲೆನೊವೊಗೆ ಕೊಟ್ಟಾಗ ಇನ್ನ ಇದರ ಕಥಿ ಮುಗೀತು ಅಂತ ಭಾಳ ಮಂದಿ ಅಂದಿದ್ರು, ಮುಗದಿಲ್ಲ, ಕೀಬೋರ್ಡ್ ನಡುವಿನ ಕೆಂಪು ಗುಂಡಿ ಇನ್ನೂ ಹಂಗ ಅದ.

ಒಮ್ಮೆ ಮಾತ್ರ ತಪ್ಪು ಮಾಡಿದೆ. 2016ರೊಳಗ ಮಂದಿ ಮಾತು ಕೇಳಿ ಬ್ಯಾರೆ ಕಂಪನಿದು ತಗೊಂಡೆ, 54,500. ತೆಳ್ಳಗ, ಬೆಳ್ಳಗ, ನೋಡ್ಲಿಕ್ಕೆ ಛಂದ. ಹದಿನಾಲ್ಕನೇ ತಿಂಗಳಿಗೆ, ಅಂದ್ರ ವಾರಂಟಿ ಮುಗದು ಬರೋಬ್ಬರಿ ಎರಡು ತಿಂಗಳಿಗೆ, ಎಡಗಡೆ ಹಿಂಜ್ ಬಿಟ್ಟಿತು. ಹಿಂಜ್ ಒಂದ ಸಿಗೂದಿಲ್ಲ, ಮ್ಯಾಲಿನ ಪೂರ್ತಿ ಪ್ಯಾನೆಲ್ ಬದಲಿಸಬೇಕು ಅಂದ್ರು, 7,800, ಬೆಂಗಳೂರಿಂದ ಬರ್ಲಿಕ್ಕೆ 23 ದಿನ. ಅದು ಬಂದ ಮ್ಯಾಲೆ ಕೀಬೋರ್ಡಿನೊಳಗ 'ಇ' ಅಕ್ಷರ ಸತ್ತಿತು, ಕೀಬೋರ್ಡಿಗೆ ಸ್ಕ್ರೂ ಇಲ್ಲ, ಪ್ಲಾಸ್ಟಿಕ್ ಕಾಯಿಸಿ ಅಂಟಿಸ್ಯಾರ, 3,200. ಆಮ್ಯಾಲೆ ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮ್ಯಾಲೆ ಎದ್ದಿತು, 4,600. ಒಟ್ಟು 15,600 ಸುರದು ಕಡೀಕೆ 9 ಸಾವಿರಕ್ಕ ಮಾರಿದೆ. ರಸೀದಿ ಎಲ್ಲಾ ಇನ್ನೂ ಫೈಲಿನೊಳಗ ಇಟ್ಟೀನಿ. ಈಗಿನ ಥಿಂಕ್‌ಪ್ಯಾಡ್ ಸೆಕೆಂಡ್ ಹ್ಯಾಂಡ್ 28 ಸಾವಿರ, ರ್‍ಯಾಮ್ ನಾನ ಹಾಕಿದೆ, 2,400. ನಾಲ್ಕು ವರ್ಷಾತು, ಒಂದು ಸ್ಕ್ರೂ ಸಡಲಾಗಿಲ್ಲ.

ಡಾರ್ಕ್ ನೋಡಿಲ್ಲ.

ಹಾವೇರಿ_ಯಾಲಕ್ಕಿ

ಅಣ್ಣಾರ, ವಿಡಿಯೋ ಮಾಡೋರಿಗೆ ಥಿಂಕ್‌ಪ್ಯಾಡ್ ಹೇಳ್ತೀರಲ್ರೀ. ನಮ್ದು ಲಗ್ನದ ವಿಡಿಯೋ ಕೆಲಸ, ನಾನು ನಮ್ಮನಿಯವ್ರು ಇಬ್ರೂ ಮಾಡ್ತೀವಿ. ಮೊದಲ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇತ್ತು, 88 ಸಾವಿರ, ಅದರ ಗ್ರಾಫಿಕ್ಸ್ ಕಾರ್ಡ್ ಎರಡು ವರ್ಷದಾಗ ಮೂರು ಸಲ ಸತ್ತಿತು. ಮೂರೂ ಸಲ ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟ್ಕೊಂಡು ಹುಬ್ಬಳ್ಳಿಗೆ ತಂದೀನಿ, ಒಂದು ಸಲ ಏಳು ತಿಂಗಳ ಬಸುರಿ ಇದ್ದೆ. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಸ್ತರ ಮನಿ ಲಗ್ನದ ವಿಡಿಯೋ 40 ದಿನ ತಡ ಆಗಿ 12 ಸಾವಿರ ಬಿಟ್ಟುಕೊಡಬೇಕಾತು.

ಆಮ್ಯಾಲ ಬಂಗಾರದ ಬಿಲವಾರ ಒತ್ತಿ ಇಟ್ಟು ಸೆಕೆಂಡ್ ಹ್ಯಾಂಡ್ ಮ್ಯಾಕ್‌ಬುಕ್ ಏರ್ ತಗೊಂಡ್ವಿ, ಎಂ1 ಚಿಪ್ಪಿಂದು, 16 ಜಿಬಿ ರ್‍ಯಾಮ್, 61 ಸಾವಿರ. ಅತ್ತಿ ಎಂಟು ದಿನ ಮಾತಾಡಲಿಲ್ಲ. ಅದರಾಗ ಫ್ಯಾನ ಇಲ್ಲ, ಸಪ್ಪಳ ಇಲ್ಲ. ಹೋದ ಬ್ಯಾಸಗಿ ರಾತ್ರಿ ಕರೆಂಟ್ ಹೋಗಿ ಮುಂಜಾನೆ ತನಕಾ ಬರಲಿಲ್ಲ, ನಾ ಪಡಸಾಲ್ಯಾಗ ಕೂತು ಬ್ಯಾಟರಿ ಮ್ಯಾಲ ಒಂದು ಇಡೀ ಅರಿಷಿಣ ಶಾಸ್ತ್ರದ ವಿಡಿಯೋ ಮುಗಿಸೀನಿ. ಬಿಲವಾರ ಬಿಡಿಸ್ಕೊಂಡು ಬಂದಾಗಿಂದ ಅತ್ತೀನ ಅದರ ಮ್ಯಾಲ ವಸ್ತ್ರ ಹೊಚ್ಚಿ ಇಡ್ತಾರ.

ಕೆಂಪು_ಗುಂಡಿ_ಧಾರವಾಡ

ಅಕ್ಕಾರ, ನಿಮ್ಮ ಮ್ಯಾಕಿನ ರ್‍ಯಾಮ್ ಚಿಪ್ಪಿನ ಜೋಡೀನ ಕೂಡಿಸಿರ್ತಾರ. ನಾಳೆ 16 ಸಾಲಲಿಲ್ಲ ಅಂದ್ರ ಏನ್ ಮಾಡ್ತೀರಿ? ಹೆಚ್ಚಿಸ್ಲಿಕ್ಕೆ ಬರೂದಿಲ್ಲ. ಅದು ನಮ್ಮ ವಸ್ತು ಅಂತ ಹೆಂಗ ಅನ್ನೋದು?

ಹಾವೇರಿ_ಯಾಲಕ್ಕಿ

ನನ್ನ ಬಿಲವಾರ ಇಟ್ಟು ತಗೊಂಡದ್ದು, ನನ್ನ ವಸ್ತುನ ಐತ್ರೀ ಅದು. ಮೂರು ವರ್ಷದಾಗ 70 ಲಗ್ನ ಮುಗಿಸೀನಿ, ಒಂದು ದಿನ 16 ಕಡಿಮಿ ಬಿದ್ದಿಲ್ಲ. ನೀವು ಸ್ಕ್ರೂ ಬಿಚ್ಚಾಕ ತಗೋತೀರಿ, ನಾ ದುಡಿಯಾಕ ತಗೊಂಡೀನಿ.

ಬೆಟಗೇರಿ_ಡಿಟಿಪಿ

ಇಲ್ಲಿ ಯಾರೂ ತಾರೀಖಿನ ಮಾತ ಎತ್ತಲಿಲ್ಲಲ್ಲ. ನಾ ಗದಗ ಬೆಟಗೇರಿಯೊಳಗ ಪ್ರಿಂಟಿಂಗ್ ಪ್ರೆಸ್‌ಗೋಳಿಗೆ ಡಿಟಿಪಿ ಮಾಡಿಕೊಡ್ತೀನಿ, 19 ವರ್ಷಾತು. ನಂದೂ ಹಂಗ ಆಗಿತ್ತು. ದಿನಾ ಚಾಲೂ ಮಾಡಿದ ಕೂಡ್ಲೆ 2009 ಜನವರಿ 1. ಇಂಟರ್ನೆಟ್ ತೆಗದ್ರ ಗಡಿಯಾರ ಹಿಂದ ಐತಿ ಅಂತ ಒಂದ ಪೇಜೂ ತೆಗೀತಿರಲಿಲ್ಲ. ಒಂದಿನ ಗಡಿಬಿಡಿಯೊಳಗ ನೋಡಲಾರದ ಹನ್ನೊಂದು ಜಿಎಸ್‌ಟಿ ಬಿಲ್ ಅದ ತಾರೀಖಿನ ಮ್ಯಾಲ ಹೊಡದು ಗಿರಾಕಿಗೋಳಿಗೆ ಕೊಟ್ಟುಬಿಟ್ಟೆ, 2009ರೊಳಗ ಜಿಎಸ್‌ಟಿನ ಇರಲಿಲ್ಲ. ಲೆಕ್ಕದವರು ಫೋನ್ ಹಚ್ಚಿ ಬೈದು ಎಲ್ಲಾ ವಾಪಸ್ ತರಿಸಿ ಹೊಸಾದು ಮಾಡಿಸಿದ್ರು.

ಸರ್ವೀಸ್ ಸೆಂಟರಿಗೆ ಒಯ್ದ್ರ ಮದರ್‌ಬೋರ್ಡ್ ಹೋಗೇತಿ, 9,500 ಅಂದ್ರು. ಹೆಸರು ಹಾಕಂಗಿಲ್ಲ. ಆ ರಾತ್ರಿ ನಿದ್ದಿ ಬರಲಿಲ್ಲ, ಮಗಳ ಫೀ ಕಟ್ಟೋ ತಿಂಗಳು. ಮರುದಿನ ನಮ್ಮ ಓಣ್ಯಾಗಿನ ಟಿವಿ ರಿಪೇರಿ ಕಾಕಾ ಹಿಂದಿನ ಮುಚ್ಚಳ ಬಿಚ್ಚಿ ಒಂದು ರೂಪಾಯಿ ನಾಣ್ಯದಷ್ಟ ಇರೋ ಸೆಲ್ ತೆಗದು ತೋರಿಸಿದ್ರು, ಸಿಆರ್2032. ಮೀಟರ್ ಹಚ್ಚಿದ್ರ 3 ವೋಲ್ಟ್ ಇರಬೇಕಾದದ್ದು ಎರಡೂ ಇಲ್ಲ. ಕರೆಂಟ್ ಇಲ್ಲದಾಗ ಗಡಿಯಾರ ನಡಸೋದು ಅದ. 40 ರೂಪಾಯಿ ಸೆಲ್, ಕಾಕಾ ಕೂಲಿ ತಗೊಳ್ಳಲಿಲ್ಲ, ಚಹಾ ಕುಡಿಸಿದೆ. ತಮ್ಮಾ, ನೀನು ಮೊದಲ ಸೆಲ್ ನೋಡು.

ಮ್ಯಾಕು, ವಿಂಡೋಸ್ ಬದಲಿಗೆ ಫುಕಟ್ ಹಾಕೋ ಲಿನಕ್ಸು ನನ್ನಂಥಾವ್ರಿಗೆ ಉಪಯೋಗಿಲ್ಲ. ನಮ್ದೆಲ್ಲಾ ಪುಟ ಜೋಡಿಸೋ ಪೇಜ್‌ಮೇಕರ್, ನುಡಿಯ ಹಳೇ ಫಾಂಟು, ಎಲ್ಲಾ ಕಂಪ್ಯೂಟರಿನಾಗ ಓದಾಕ ಬರೋ ಯುನಿಕೋಡ್ ಅಲ್ಲ. ಸಾವಿರಾರು ಲಗ್ನಪತ್ರಿಕೆ, ಶಿವಗಣಾರಾಧನೆ ಕಾರ್ಡು ಅದರಾಗ ಅದಾವು. ಬ್ಯಾರೆ ಕಡೆ ತೆಗದ್ರ 'ಶ್ರೀ' ಅನ್ನೋದು ಏನೇನೋ ಇಂಗ್ಲಿಷ್ ಅಕ್ಷರ ಆಗಿ ಕೂಡತಾವ. ಹಂಗಾಗಿ ನಮ್ಮ ನಿಷ್ಠಾ ಯಾವ ಕಂಪನಿಗೂ ಅಲ್ಲ, ಫಾಂಟಿಗೆ. 2025 ಅಕ್ಟೋಬರ್ 14ಕ್ಕ ವಿಂಡೋಸ್ 10ಕ್ಕ ಅಪ್‌ಡೇಟ್ ಬಂದ್ ಮಾಡಿದ್ರು, ನನ್ನ ಮಷಿನ್ನಿಗೆ 11 ಹಾಕಾಕ ಬರಂಗಿಲ್ಲ, ಇದಕ್ಕ ಯಾರಾದ್ರೂ ದಾರಿ ಹೇಳ್ರಿ.

ಲಿನಕ್ಸ್_ಸಪ್ತಾಪುರ

ದಾರಿ ಲಿನಕ್ಸ್. ಹಳೇ ಮಷಿನ್ನಿಗೆ ಜೀವಾ ಬರತೈತಿ.

ತಾರೀಖು ಹಿಂದ ಹೋಗೋದಂದ್ರ ಇದನ್ನೂ ಕೇಳ್ರಿ. ಹಳೇ ಯುನಿಕ್ಸ್ ಥರದ ಸಿಸ್ಟಮ್ಮು 1970 ಜನವರಿ 1ರಿಂದ ಸೆಕೆಂಡ್ ಎಣಿಸಿ 32 ಬಿಟ್ಟಿನ ಡಬ್ಬಿಯೊಳಗ ಇಡ್ತಾವ. ಆ ಡಬ್ಬಿ 2038 ಜನವರಿ 19ಕ್ಕ ತುಂಬತೈತಿ, ನಮ್ಮ ಟೈಮಿಗೆ ಮುಂಜಾನೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಗಡಿಯಾರ 1901 ಡಿಸೆಂಬರಿಗೆ ಹೋಗಿ ಬೀಳತೈತಿ. ಡಾರ್ಕ್ ಸೀರೀಸ್ನವರು ಕಾಲ ದಾಟೋ ಗವಿ ತೋರಿಸ್ತಾರ, ಖರೇ ಟೈಮ್ ಟ್ರಾವೆಲ್ ಇದು. ಈಗಿನ 64 ಬಿಟ್ ಲಿನಕ್ಸಿನಾಗ ಇದು ಸರಿ ಆಗೇತಿ. 2011ರ ಜಪಾನಿ ಸೀರೀಸ್ ಸ್ಟೈನ್ಸ್ ಗೇಟ್ ನೋಡಿದವರಿಗೆ ಗೊತ್ತಿರ್ತೈತಿ, ಅದರಾಗಿನ ಹಳೇ ಕಂಪ್ಯೂಟರಿನ ಕಥಿ ಜಾನ್ ಟೈಟರ್ ಅನ್ನೋ ಹೆಸರಿನ ಮನುಷ್ಯಾಂದು. ಆಂವ 2000-2001ರಾಗ ಇಂಟರ್ನೆಟ್ಟಿನ್ಯಾಗ, ನಾ 2036ರಿಂದ ಬಂದೀನಿ, 1975ರ ಐಬಿಎಂ 5100 ಕಂಪ್ಯೂಟರ್ ಒಯ್ಯಾಕ ಬಂದೀನಿ, ನಮ್ಮ ಕಾಲದ ಹಳೇ ಪ್ರೋಗ್ರಾಮ್ ರಿಪೇರಿ ಮಾಡಾಕ ಅದ ಬೇಕು ಅಂತ ಬರದಿದ್ದ.

ಕೆಂಪು_ಗುಂಡಿ_ಧಾರವಾಡ

ನೋಡ್ರಿ, ಅದೂ ಐಬಿಎಂ. ಸುಮಾರು 24 ಕೆಜಿ ತೂಕದ ಮಷಿನ್ನು, ಅದರೊಳಗ ಅದಕ್ಕಿಂತ ಹಳೇ ದೊಡ್ಡ ಕಂಪ್ಯೂಟರಿನ ಭಾಷಾ ನಡೀತಿತ್ತು, ಅದಂತೂ ಖರೇ. ಹಂಗ ಕಟ್ಟಿದವರ ಮನೀದ ಥಿಂಕ್‌ಪ್ಯಾಡ್.

ಹಾವೇರಿ_ಯಾಲಕ್ಕಿ

ಲಿನಕ್ಸ್ ಅಂತ ಹೇಳಿ ಮಂದಿ ಹಾಳ್ ಮಾಡಬ್ಯಾಡ್ರೀ. ನನ್ನ ತಮ್ಮ ನಿಮ್ಮಂಥವರ ಮಾತು ಕೇಳಿ ಹಾಕ್ಕೊಂಡ. ಆಂವ ಬಳಸೋ ಎಡಿಟಿಂಗ್ ಸಾಫ್ಟ್‌ವೇರಿನ ಫುಕಟ್ ಆವೃತ್ತಿ ಲಿನಕ್ಸಿನಾಗ ಎಚ್.264 ಅನ್ನೋ ಥರದ ವಿಡಿಯೋ ಫೈಲ್ ತಗೊಳ್ಳಲಿಲ್ಲ, ಭಾಳಷ್ಟು ಮೊಬೈಲ್ ಕ್ಯಾಮೆರಾ ಅದ ಫೈಲ್ ಕೊಡ್ತಾವ. ಒಂದೊಂದ ಫೈಲ್ ಬದಲಿಸ್ಕೋತ ಕೂತ, 40 ಜಿಬಿ ಇದ್ದದ್ದು 300 ಜಿಬಿ ಆತು, ಡಿಸ್ಕ್ ತುಂಬಿ ಬಂದ್ ಬಿತ್ತು. ಹನ್ನೊಂದು ದಿನ. ಕೇಳಿದವರು ವಿಡಿಯೋ ಮಾಡ್ತಾರ ಅನ್ನೋದಾದ್ರೂ ಓದೀರೇನು?

ಲಿನಕ್ಸ್_ಸಪ್ತಾಪುರ

ನಾ ಹೇಳಿದ್ದು ಬೆಟಗೇರಿ ಅಣ್ಣಾರಿಗೆ. ನೀವ ಪೂರ್ತಿ ಓದ್ರಿ. ನಿಮ್ಮ ತಮ್ಮ ಕೇಡನ್‌ಲೈವ್ ಅನ್ನೋ ಫುಕಟ್ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿದ್ರ ಒಂದ ದಿನದ ಕೆಲಸ. ನಾ ಅದರ ಮ್ಯಾಲ ಕಾಲೇಜಿನ ಗ್ಯಾದರಿಂಗ್ ವಿಡಿಯೋ ಆರು ವರ್ಷ ಮಾಡೀನಿ, ಒಂದು ರೂಪಾಯಿ ಯಾರಿಗೂ ಕೊಟ್ಟಿಲ್ಲ.

ಬೆಟಗೇರಿ_ಡಿಟಿಪಿ

ನನ್ನ ನುಡಿ ಫಾಂಟಿಗೆ ಪೇಜ್‌ಮೇಕರ್ ಲಿನಕ್ಸಿನಾಗ ನಡೀತೈತೇನು? ಅದನ್ನ ಹೇಳ್ರಿ ಮೊದಲ.

ಕಾಲಚಕ್ರ_ಹುಬ್ಬಳ್ಳಿ

ಅಣ್ಣಾರ ಭಾಳ ಉಪಕಾರ ಆತು, ಸೆಲ್ ಇವತ್ತ ನೋಡ್ತೀನಿ. ಡಾರ್ಕ್ ಬಗ್ಗೆ ಯಾರಾದ್ರೂ?

33_ಹಳೇಹುಬ್ಬಳ್ಳಿ

ನಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಹಿಂಜಿನ ವಿಷಯಕ್ಕ ಕಂಪನಿ ಕಂಪನಿ ಅಂತ ಬಡದಾಡ್ತೀರಲ್ಲ, ತಿಂಗಳಿಗೆ ನನ್ನ ಟೇಬಲ್ಲಿಗೆ ಎಲ್ಲಾ ಕಂಪನಿದೂ ಬರ್ತಾವ. ಹಿಂಜಿನ ಸ್ಕ್ರೂ ಕೂಡೋದು ಪ್ಲಾಸ್ಟಿಕ್ಕಿನೊಳಗ ಒತ್ತಿ ಕೂಡಿಸಿದ ಸಣ್ಣ ಹಿತ್ತಾಳಿ ನಟ್ಟಿನಾಗ. ವರ್ಷ ಹೋದಂಗ ಹಿಂಜ್ ಬಿಗಿ ಆಗತೈತಿ, ನೀವು ಒಂದ ಮೂಲಿ ಹಿಡದು ಸ್ಕ್ರೀನ್ ಎತ್ತತೀರಿ, ನಟ್ಟು ಪ್ಲಾಸ್ಟಿಕ್ ಸಮೇತ ಕಿತ್ತು ಬರತೈತಿ. ನಾ ಹಿಂಜ್ ಸಡಲ ಮಾಡಿ, ಎಣ್ಣಿ ಬಿಟ್ಟು, ನಟ್ಟನ್ನ ಎಪಾಕ್ಸಿ ಅನ್ನೋ ಗಟ್ಟಿ ಅಂಟಿನೊಳಗ ಕೂಡಿಸಿ ಒಂದ ರಾತ್ರಿ ಬಿಡ್ತೀನಿ, 900 ರೂಪಾಯಿ. 7,800 ಕೊಟ್ಟವರು ನನ್ನಂಥವರ ಕಡೆ ಬಂದಿದ್ರ ಆ ಲ್ಯಾಪ್‌ಟಾಪ್ ಇವತ್ತೂ ನಡೀತಿತ್ತು.

ಡಾರ್ಕ್ ನಾ ಎರಡು ಸಲ ನೋಡೀನಿ. ಅದರಾಗ 2019, 1986, 1953, ಎಲ್ಲಾ 33 ವರ್ಷಕ್ಕ ಯಾಕ ಅಂತ ಮಂದಿ ಕೇಳ್ತಾರ, ನಮ್ಮ ಮನ್ಯಾಗ ಅದನ್ನ ಯಾರೂ ಕೇಳಲಿಲ್ಲ. ಚಂದ್ರನ ವರ್ಷ 354 ದಿನ, ಸೂರ್ಯಂದು 365, ವರ್ಷಕ್ಕ 11 ದಿನದ ಫರಕು. 33 ವರ್ಷಕ್ಕ ಆ ಫರಕು ಒಂದ ವರ್ಷ ಆಗಿ ಎರಡೂ ಮತ್ತ ಜೋಡಿ ಆಗ್ತಾವ. ಅದಕ್ಕ ರಂಜಾನ್ ಎಲ್ಲಾ ಹಂಗಾಮೂ ತಿರುಗಿ ಬರತೈತಿ. 1990ರಾಗ ರೋಜಾ ಶುರುವಾಗಿದ್ದು ಮಾರ್ಚ್ ಮುಗಿಯಾಕ ಬಂದಾಗ, 2023ರಾಗನೂ ಹಂಗ. ಆ ವರ್ಷ ಇಫ್ತಾರಿಗೆ ಕೂತಾಗ ಅಬ್ಬಾ, ನಾ ಪೈಲಾ ಸಲ ಅಂಗಡಿ ತೆಗದ ವರ್ಷದ ಬಿಸಿಲು ಇದು, ಅಂದ್ರು. ನಂಗ ಮೈ ಜುಮ್ ಅಂತು.

ಕೆಂಪು_ಗುಂಡಿ_ಧಾರವಾಡ

ಎಪಾಕ್ಸಿ ಹಚ್ಚೋದು ರಿಪೇರಿ ಅಲ್ಲ. ನಿಮ್ಮ ಧಂದೆ ನೀವು ಹೊಗಳ್ಕೊಳ್ಳೋದು ಸಹಜ ಅದ.

33_ಹಳೇಹುಬ್ಬಳ್ಳಿ

ಸರ್, 22 ವರ್ಷದ ಕೈಕೆಲಸಕ್ಕ ಹಂಗ ಅನಬಾರದು. ಎಪಾಕ್ಸಿ ಹಚ್ಚಿದ್ದು ಬಿಟ್ಟು ತಿರುಗಿ ಬಂದ್ರ ನಾ ರೊಕ್ಕ ವಾಪಸ್ ಕೊಡ್ತೀನಿ. ನಿಮಗ 23 ದಿನ ಕಾಯಿಸಿದವರು ಕೊಟ್ರೇನು?

ಲಿನಕ್ಸ್_ಸಪ್ತಾಪುರ

33ರ ಲೆಕ್ಕ ಮಸ್ತ್ ಐತಿ, ಆದ್ರ ಕಡೀ ಎಪಿಸೋಡ್ ಮೋಸ. ನೋಡಲಾರದವರು ಮುಂದಕ್ಕ ಓದಬ್ಯಾಡ್ರಿ. ಎರಡು ಸೀಸನ್ ಪೂರ್ತಿ ಏನ್ ಹೇಳಿದ್ರು? ಆದದ್ದನ್ನ ಬದಲಿಸಾಕ ಬರಂಗಿಲ್ಲ, ತಪ್ಪಿಸಾಕ ಹೋದದ್ದ ಅದಕ್ಕ ಕಾರಣ ಆಗತೈತಿ. ಷಾರ್ಲೊಟ್ ಎಲಿಸಬೆತ್‌ನ ತಾಯಿ, ಎಲಿಸಬೆತ್ ಷಾರ್ಲೊಟ್‌ನ ತಾಯಿ, ಎಲ್ಲಿಂದ ಶುರು ಅಂತ ಇಲ್ಲ, ಆದ್ರ ಲೆಕ್ಕ ತಪ್ಪಂಗಿಲ್ಲ, ಸುತ್ತು ತನಗ ತಾನ ಕೂಡತೈತಿ. ರಷ್ಯಾದ ಭೌತವಿಜ್ಞಾನಿ ನೊವಿಕೋವ್ ಹೇಳಿದ್ದೂ ಇದನ್ನ. ಮೂರನೇ ಸೀಸನ್ನಿಗೆ ಬಂದು, ಪ್ರಳಯದ ಹೊತ್ತಿಗೆ ಕಾಲ ಒಂದು ಕ್ಷಣ ನಿಲ್ಲತೈತಿ, ಆಗ ಬದಲಿಸಬಹುದು ಅಂದ್ರ? ಕಥಾನಾಯಕ ಯೋನಾಸ್, ನಾಯಕಿ ಮಾರ್ಥಾ ಹೋಗಿ, ಟೈಮ್ ಮಷಿನ್ ಮಾಡೋ ಗಡಿಯಾರದ ಟಾನ್‌ಹೌಸ್‌ನ ಮಗಾ ಸೊಸಿ ಕಾರ್ ಅಪಘಾತದಾಗ ಸಾಯೋದು ತಪ್ಪಿಸಿದ್ರು. ಅಪಘಾತ ಇಲ್ಲ ಅಂದ್ರ ಆಂವ ಮಷಿನ್ ಮಾಡಂಗಿಲ್ಲ, ಮಷಿನ್ ಇಲ್ಲ ಅಂದ್ರ ಇವರಿಬ್ಬರೂ ಹುಟ್ಟಂಗಿಲ್ಲ, ಹುಟ್ಟಲಿಲ್ಲ ಅಂದ್ರ ತಪ್ಪಿಸಿದವರ್‍ಯಾರು?

33_ಹಳೇಹುಬ್ಬಳ್ಳಿ

ಯೋನಾಸ್, ಮಾರ್ಥಾ ಇಬ್ಬರದೂ ಬ್ಯಾರೆ ಬ್ಯಾರೆ ಲೋಕ. ಅವರು ಹೋದದ್ದು ತಮ್ಮ ಲೋಕದ ಹಿಂದಿನ ದಿನಕ್ಕಲ್ಲ, ಮೂರನೇ ಲೋಕಕ್ಕ, ಆ ಎರಡೂ ಲೋಕ ಹುಟ್ಟಿದ ಮೂಲ ಲೋಕಕ್ಕ. ಸುತ್ತಿನ ನಿಯಮ ಸುತ್ತಿನ ಒಳಗ. ಗಂಟು ಬಿಚ್ಚಬೇಕಂದ್ರ ಹಗ್ಗದ ತುದಿಗೆ ಹೋಗಬೇಕು, ಗಂಟಿನಾಗ ಕೂತು ಬಿಚ್ಚಾಕ ಬರಂಗಿಲ್ಲ. ಕಡೀಕೆ ಅವರಿಬ್ಬರೂ ಕೈ ಹಿಡಕೊಂಡು ಬೆಳಕಿನ ಪುಡಿ ಆಗಿ ಹೋಗ್ತಾರಲ್ಲ, ನಾ ಅತ್ತೀನಿ. ಆ ಸೀಸನ್ ಬಂದದ್ದು 2020 ಜೂನ್ 27ಕ್ಕ, ಕಥಿಯೊಳಗಿನ ಪ್ರಳಯದ ದಿನಾನೂ ಅದ. ಲಾಕ್‌ಡೌನ್ ಮುಗದು ಅಂಗಡಿ ತೆಗದಿದ್ದೆ, ಗಿರಾಕಿ ಇರಲಿಲ್ಲ, ಅವತ್ತ ರಾತ್ರಿನ ನೋಡಿದ್ದು. ಮೋಸ ಅನಬ್ಯಾಡ್ರಿ.

ಲಿನಕ್ಸ್_ಸಪ್ತಾಪುರ

ಅಳೋದು ಬ್ಯಾರೆ, ಲಾಜಿಕ್ ಬ್ಯಾರೆ. ಮೂಲ ಲೋಕದಾಗ ರಸ್ತೆ ನಡುವ ನಿಂತು ಕಾರ್ ತರುಬಿದವರು ಆ ಲೋಕಕ್ಕ ಎಲ್ಲಿಂದ ಬಂದ್ರು ಅನ್ನೋದಕ್ಕ ಉತ್ತರ ಕೊಡ್ರಿ.

ನಿವೃತ್ತ_ಮಾಸ್ತರ_ಗದಗ

ಭಾಗವತದಲ್ಲಿ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲಿಕ್ಕೆ ಬ್ರಹ್ಮಲೋಕಕ್ಕೆ ಹೋಗ್ತಾನ, ಅಲ್ಲಿ ಗಾನ ನಡೆದಿರ್ತದ, ಮುಗಿಯೋತನಕ ಸ್ವಲ್ಪ ನಿಲ್ತಾನ, ಅಷ್ಟರಲ್ಲಿ ಭೂಮಿ ಮ್ಯಾಲೆ 27 ಚತುರ್ಯುಗ ಕಳೆದಿರ್ತಾವ. ಮನಸಿನೊಳಗ ಇಟ್ಟುಕೊಂಡಿದ್ದ ವರರು ಯಾರೂ ಉಳಿದಿಲ್ಲ, ಬಲರಾಮನಿಗೆ ಕೊಡ್ತಾನ. ನಮ್ಮವರು ಮುಂದಕ್ಕಷ್ಟೇ ಕಳಿಸಿದ್ರು, ಹಿಂದಕ್ಕ ಕಳಿಸಲಿಲ್ಲ. ಅದಕ್ಕೇ ಆ ಕಥೆಯೊಳಗ ಗಂಟು ಬೀಳೂದಿಲ್ಲ.

ಕಾಲಚಕ್ರ_ಹುಬ್ಬಳ್ಳಿ

ಮಾಸ್ತರ, ಇದನ್ನ ವಿಡಿಯೋದಾಗ ಹಾಕ್ತೀನ್ರೀ.

ಸೆಲ್ ಹಾಕಿಸಿದೆ, 35 ರೂಪಾಯಿ. ಎರಡು ದಿನಾತು, ತಾರೀಖು ಬರೋಬ್ಬರಿ ಐತಿ. ಹಿಂಜ್ ಮಾಡಿಸೋಣ ಅಂತ ಮಾಡೀನಿ, ಅಪ್ಪಾಜಿ ಕೊಡಿಸಿದ್ದು, ಬಿಡಾಕ ಮನಸ್ಸಿಲ್ಲ. ರೆಂಡರಿಂಗಿಗೆ ಸೆಕೆಂಡ್ ಹ್ಯಾಂಡ್ ಎಂ1 ನೋಡ್ತೀನಿ. ಯಾಲಕ್ಕಿ ಅಕ್ಕಾರ, ನೀವು ತಗೊಳ್ಳೋ ಮುಂದ ಬ್ಯಾಟರಿ ಹೆಲ್ತ್, ಅಂದ್ರ ಹೊಸಾದರ ತಾಕತ್ತಿನಾಗ ಉಳದದ್ದು, ಎಷ್ಟು ಪರ್ಸೆಂಟ್ ಇತ್ತು?

ಹಾವೇರಿ_ಯಾಲಕ್ಕಿ

91 ಇತ್ತು ತಮ್ಮಾ, ಈಗ 83. 85ಕ್ಕಿಂತ ಕಡಿಮಿ ಇದ್ದದ್ದು ತಗೋಬ್ಯಾಡ. ಅಂಗಡ್ಯಾಗ ನಿಂತ ಹಳೇ ಮಾಲಕರ ಅಕೌಂಟ್ ತಗಸು, ಇಲ್ಲಂದ್ರ ಮನಿಗೆ ಬಂದ ಮ್ಯಾಲ ಲಾಕ್ ಆಗಿ ಕೂಡತೈತಿ.

ಕೆಂಪು_ಗುಂಡಿ_ಧಾರವಾಡ

61 ಸಾವಿರಕ್ಕ ಎರಡು ಥಿಂಕ್‌ಪ್ಯಾಡ್ ಬರ್ತಾವ. ನಾ ಹೇಳಿದ್ದೆ ಅಂತ ಬರದಿಟ್ಟುಕೋರಿ.

ಬೆಟಗೇರಿ_ಡಿಟಿಪಿ

ಪೇಜ್‌ಮೇಕರ್ ಬಗ್ಗೆ ಇನ್ನೂ ಯಾರೂ ಹೇಳಲಿಲ್ರೀ.